ಇದು ಮಾಮಸಾಲಿಯ ಸರದಿ

ಅದೇ, ಜಿಪಾರಕ್ಕ ಈಗ ಯಾಕೆ ಹಾಡಲ್ಲ ಅಂತ ಕೇಳಿದ್ರಲ್ಲ, ಗಂಟಲು ಕೆಟ್ಟಿದೆ ಅಂತ ಊರಲ್ಲಿ ಹೇಳೋದೆಲ್ಲ ಸುಳ್ಳು. ಗಂಟಲು ಚೆನ್ನಾಗೇ ಇದೆ. ನಾರಿನ್ ಸಂತೇಲಿ ಉಣ್ಣೆ ಕಾಲುಚೀಲ ಮಾರ್ತಾ ಗಿರಾಕಿಗಳನ್ನ ಬೈಯೋವಾಗ ಬೇಕಾದ್ರೆ ಕೇಳಿ.

ಅವಳೂ ಮಾಮಸಾಲೀನೂ ಇಪ್ಪತ್ತು ವರ್ಷ ಎದುರುಬದುರು ಕೂತು, ಕೊಮುಜ್ ತಂತಿ ಮೀಟ್ಕೊಂಡು ಆಯ್ತಿಶ್ ಹಾಡಿದವ್ರು. ಒಬ್ರು ಕೂತಲ್ಲೇ ಪದ ಕಟ್ಟಿ ಕಾಲೆಳೀಬೇಕು, ಇನ್ನೊಬ್ರು ಅಲ್ಲೇ ತಿರುಗೇಟು ಕೊಡ್ಬೇಕು. ಮುಂದಿನ ಸಾಲಲ್ಲಿರೋ ಮಂತ್ರೀನೂ ಬೈಸ್ಕೊಂಡು ನಗಬೇಕು, ಅದು ಪದ್ಧತಿ. ಅವಳು ಅವನ ಬೋಳುತಲೆ ಮೇಲೆ ಪದ ಕಟ್ಟಿದ್ರೆ ಅವನು ಇವಳ ಸಾರಿಗೆ ಉಪ್ಪೇ ಇಲ್ಲ ಅಂತಿದ್ದ. ನಮ್ಮ ಕಿರ್ಗಿಸ್ತಾನದಲ್ಲಿ ಜನ ಅಧ್ಯಕ್ಷರನ್ನ ಓಡಿಸಿದಾಗೆಲ್ಲ ಇಬ್ರೂ ಲಾರಿ ಹತ್ತಿ ಹಾಡಿದ್ರು. ಇನ್ಮೇಲೆ ಎಲ್ಲ ಸರಿಹೋಗುತ್ತೆ ಅಂತ ನಂಬಿದ್ರು. ಮೂರನೇ ಸಲಕ್ಕೆ ಜಿಪಾರಕ್ಕಂಗೆ ನಂಬೋಕೂ ಸುಸ್ತಾಗಿತ್ತು.

ಆಮೇಲೆ ಸಂವಿಧಾನ ಬದಲಾಗಿ ಅಧಿಕಾರವೆಲ್ಲ ಹೊಸ ಅಧ್ಯಕ್ಷರ ಕೈಗೆ ಹೋಯ್ತು, ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ಮಾಮಸಾಲಿ ಒಂದು ಮದ್ವೇಲಿ ಅದನ್ನೇ ಪದ ಕಟ್ಟಿ ಹಾಡ್ದ. ಯಾರೋ ಫೋನಲ್ಲಿ ಹಿಡಿದ್ರು. ಅವನನ್ನ ಜೈಲಿಗೆ ಹಾಕಿದ್ರು.

ಈ ಸಲ ನೂರುಜ್, ಅಂದ್ರೆ ನಮ್ಮ ವಸಂತದ ಹೊಸವರ್ಷದ ಹಬ್ಬಕ್ಕೆ ಮುಂಚೆ ಸಂಸ್ಕೃತಿ ಇಲಾಖೆಯ ಬಾಕಿತ್ ಅವಳ ಅಂಗಡಿಗೆ ಬಂದ. ಅಧ್ಯಕ್ಷರನ್ನ ಓಡಿಸಿದಾಗ ಕೈ ಹಿಡಿದು ಅವಳನ್ನ ಲಾರಿ ಹತ್ತಿಸಿದವನೇ ಅವನು. ಹಬ್ಬದಲ್ಲಿ ಹಾಡೋ ಪದಗಳನ್ನ ಮೊದ್ಲೇ ಬರ್ಕೊಡ್ಬೇಕಂತೆ. ಮಾಮಸಾಲಿ ಜಾಗದಲ್ಲಿ ಊರಿನ ಶಾಲೆಯ ಶೈಲೋ ಮೇಷ್ಟ್ರು ಕೂರ್ತಾರಂತೆ. ಜೈಲಲ್ಲಿರೋನ ಹೆಸರೆತ್ತಿದ್ರೆ ಇನ್ನು ಯಾವ ವೇದಿಕೇನೂ ಇಲ್ವಂತೆ.

"ಇನ್ನೂ ಹುಟ್ಟದೇ ಇರೋ ಪದಾನ ಹೆಂಗಪ್ಪ ಬರ್ಕೊಡ್ಲಿ?"

"ನಂಗೂ ಮಕ್ಳಿದಾರೆ ಅಕ್ಕ," ಅಂದ ಬಾಕಿತ್, ಕಾಲುಚೀಲ ತಿರುಗಿಸಿ ನೋಡ್ತಾ.

ಬರ್ಕೊಟ್ಳು. ವೇದಿಕೆ ಬಿಟ್ರೆ ಅವಳಿಗೆ ಬೇರೆ ಏನಿತ್ತು ಹೇಳಿ.

ಹಬ್ಬದ ದಿನ ಒಪ್ಪಿಗೆಯಾಗಿದ್ದ ಪದಾನೇ ಹಾಡಿದ್ಳು. ಮೇಷ್ಟ್ರು ಉತ್ತರ ಕೊಡ್ಬೇಕು. ಪಾಪ, ಬಾಯಿಪಾಠ ಮಾಡ್ಕೊಂಡು ಬಂದಿದ್ರು, ಮರ್ತೇ ಹೋಯ್ತು. ತಂತಿ ಮೀಟ್ತಾನೇ ಇದಾರೆ, ಬಾಯಿಗೆ ಪದ ಬರ್ತಿಲ್ಲ. ಎದುರಾಳಿ ತಡವರಿಸಿದ್ರೆ ನುಗ್ಗಿ ಹಾಡಿ ಗೆದ್ದುಬಿಡಬಹುದು. ಜಿಪಾರಕ್ಕ ಹಂಗೆ ಮಾಡ್ಲಿಲ್ಲ. ಕೊಮುಜ್‌ನ ಮಡಿಲಲ್ಲಿ ಮಲಗಿಸಿದ್ಳು. ಮುಖದಲ್ಲಿ ಸಿಟ್ಟೂ ಇಲ್ಲ, ದಿನವಿಡೀ ಸಂತೇಲಿ ನಿಂತವರ ಮುಖ ಇರುತ್ತಲ್ಲ, ಹಂಗೆ.

"ಬಿಡಿ ಮೇಷ್ಟ್ರೇ. ಇದು ಮಾಮಸಾಲಿ ಸರದಿ. ಅವನು ಬರ್ಲಿ, ಕಾಯ್ತೀನಿ."

ಕೂತೇ ಇದ್ಳು. ಸಭೇಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎದ್ದೂ ಹೋಗ್ಲಿಲ್ಲ. ಒಬ್ಬ ಮುದುಕ ಟೋಪಿ ತೆಗೆದು ತೊಡೆ ಮೇಲಿಟ್ಕೊಂಡ. ಯಾರೂ ಹಾಡ್ತಿಲ್ಲ, ಆದ್ರೂ ಬಾಕಿತ್ ಬಂದು ಮೈಕ್ ಆಫ್ ಮಾಡ್ದ.

ಅವತ್ತಿಂದ ಯಾರೂ ಕರೆಯಲ್ಲ. ಮಾಮಸಾಲಿ ಇನ್ನೂ ಒಳಗೇ ಇದಾನೆ. ನಾರಿನ್ ಕಡೆ ಹೋದ್ರೆ ಸಂತೆಯ ಹಿಂಬಾಗಿಲ ಹತ್ರ ಜಿಪಾರಕ್ಕ ಎಲ್ಲಿ ಅಂತ ಕೇಳಿ, ತೋರಿಸ್ತಾರೆ. ಹೊಗಳಬೇಡಿ, ಅವಳಿಗೆ ಬೇಜಾರು. ಬೇಕಿರೋದು ಎದುರುತ್ತರ ಕೊಡೋ ಒಬ್ಬ ಮನುಷ್ಯ. ಬೈಸ್ಕೊಳೋಕೆ ತಯಾರಾಗಿ, ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬನ್ನಿ.