ಟ್ಯೂನಿಂಗ್ ಫೈಲ್ ಕೊಡದ ರಫೀಕ್ ಭಾಯಿ

ಗೆಳೆಯರೆ, ಇವತ್ತು ನನ್ನ ಕಾರಿನ ಎಂಜಿನ್ ಸುಡದೆ ಉಳಿಯಿತು.

ಹಳೆಯ ಡೀಸೆಲ್ ಕಾರಿಗೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ದೊಡ್ಡ ಟರ್ಬೊ ಕೂಡಿಸಿದ್ದೇನೆ. ಅದಕ್ಕೆ ತಕ್ಕಂತೆ ಕಾರಿನ ಕಂಪ್ಯೂಟರಿನಲ್ಲಿ ಡೀಸೆಲ್ ಅಳತೆ ಬದಲಿಸುವ ಟ್ಯೂನಿಂಗ್ ಬಾಕಿ ಇತ್ತು. ಹೈದರಾಬಾದಿಗೆ ಒಯ್ದು ರೋಲರ್ ಮೇಲೆ ಓಡಿಸಿ ಹೊಂದಿಸಬೇಕು, ಇಲ್ಲವೇ ಸಿದ್ಧ ಫೈಲ್ ತರಿಸಿ ಇಲ್ಲೇ ಹಾಕಬೇಕು. ಗೆಳೆಯ ಸಿದ್ದು ಫೈಲ್ ಹಾಕಲು ಲ್ಯಾಪ್‌ಟಾಪ್ ಹಿಡಿದು ನಮ್ಮ ಶಹಾಬಾದಿಗೇ ಬಂದುಬಿಟ್ಟ. ಫೈಲಿಗಾಗಿ ಹೈದರಾಬಾದಿನ ಟ್ಯೂನರ್ ರಫೀಕ್ ಭಾಯಿಗೆ ಫೋನ್ ಹಚ್ಚಿದೆವು. ಅವರು ಮೂಲತಃ ಚಿಂಚೋಳಿಯವರು.

"ಗಾಡಿ ಎಲ್ಲಿ ನಿಲ್ಲಸ್ತೀರಿ?" ಎಂದರು.

"ನಮ್ಮ ಪರಸಿ ಕಲ್ಲು ಪಾಲಿಶ್ ಮಾಡೋ ಮಷಿನ್ ಬಾಜೂಕ್ರಿ," ಎಂದೆ.

"ಏರ್ ಫಿಲ್ಟರಿಂದು ಫೋಟೊ ಕಳಸ್ರಿ."

ಕಳಿಸಿದೆ. ಕಲ್ಲಿನ ಪುಡಿ ಮೆತ್ತಿ ಬೆಳ್ಳಗಾಗಿತ್ತು. ಆ ಕಡೆಯಿಂದ ನಗು ಕೇಳಿತು.

"ಇದು ಫಿಲ್ಟರೋ, ಹಿಟ್ಟಿನ ಗಿರಣಿ ಜರಡಿಯೋ? ಇದರಾಗ ಗಾಳಿನೇ ಹೋಗಂಗಿಲ್ಲ, ಇದರ ಮ್ಯಾಲ ಡೀಸೆಲ್ ಹೆಚ್ಚು ಬಿಡೋ ಫೈಲ್ ಹಾಕಿದ್ರ ಎಂಜಿನ್ ಸುಟ್ಟು ಹೋಗ್ತದ. ನಾ ಕೊಡಂಗಿಲ್ಲ. ಫಿಲ್ಟರ್ ಬದಲಿ ಮಾಡಿ ಗಾಡಿನೇ ತಗೊಂಡು ಬರ್ರಿ."

ಸಿದ್ದು ಬಿಡಲಿಲ್ಲ. "ಭಾಯಿ, ನಾಳಿಗಿ ಸೇಡಂದಾಗ ಗೆಳ್ಯಾನ ಮದಿವಿ ಅದ. ಊರಾಗ ಹವಾ ಮಾಡ್ಬೇಕಂತ ಕುಂತೀವ್ರಿ!"

"ಮೊದ್ಲು ಎಂಜಿನ್ನಿಗಿ ಹವಾ ಬಿಡ್ರಿ, ಆಮ್ಯಾಲ ಊರಾಗ ಹವಾ ಮಾಡ್ರಿ!"

ಸಿದ್ದು ಲ್ಯಾಪ್‌ಟಾಪ್ ಮುಚ್ಚಿದ. ಕೊಳ್ಳಲು ಬಂದವನಿಗೆ ಬೇಡ ಎನ್ನುವ ವ್ಯಾಪಾರಿ ಸಿಗುವುದು ಅಪರೂಪ. ರಫೀಕ್ ಭಾಯಿಗೆ ಶರಣು. ನಾಳೆ ಸೇಡಂ ರಸ್ತೆಯಲ್ಲಿ ಬಸ್ಸನ್ನು ದಾಟಲಾಗದೆ ಅದರ ಹಿಂದೆ ಹೊಗೆ ಕುಡಿಯುತ್ತ ಹೋಗುವ ಟರ್ಬೊ ಕಾರು ಕಂಡರೆ ನಗಬೇಡಿ. ಒಳಗೆ ಕುಳಿತವನು ಎಂಜಿನ್ ಇದೆಯಲ್ಲ ಎಂಬ ಖುಷಿಯಲ್ಲಿರುತ್ತಾನೆ.