ನನ್ನ ಸೀಟಿನ ಕೆಳಗಿನ ಎಂಜಿನ್

ಜಪಾನಿನಲ್ಲಿ ಓಡಿ ಹಳತಾಗಿ, ಹಡಗು ಹತ್ತಿ ದೋಹಾಕ್ಕೆ ಬಂದ ಪುಟ್ಟ ಟ್ರಕ್ಕೊಂದು ನಮ್ಮಲ್ಲಿತ್ತು. ನನ್ನ ಗಂಡ ಅದರಲ್ಲಿ ಕೆಫೆಟೀರಿಯಾಗಳಿಗೆ ಅಕ್ಕಿ, ಎಣ್ಣೆ, ಹಾಲಿನಪುಡಿ ಹಂಚುತ್ತಿದ್ದರು. ಅದರ ಎಂಜಿನ್ ಇದ್ದದ್ದು ಡ್ರೈವರನ ಪಕ್ಕದ ಸೀಟಿನ ಕೆಳಗೆ, ಅಂದರೆ ನಾನು ಕೂರುವ ಜಾಗದಲ್ಲಿ. ಗಾಡಿ ಬಿಸಿಯಾದರೆ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಬಿನ್ ಒಮ್ರಾನ್ ಬಡಾವಣೆಯ ಫ್ಲ್ಯಾಟಿನಿಂದ ಇವರು ಬೆಳಿಗ್ಗೆ ಐದೂವರೆಗೆ ಹೊರಟರೆ ನನ್ನ ಕೆಲಸ ಎಂಟಕ್ಕೆಲ್ಲ ಮುಗಿಯುತ್ತಿತ್ತು. ಆಮೇಲೆ ಒರೆಸಿದ ನೆಲವನ್ನೇ ಮತ್ತೆ ಒರೆಸುವುದು, ಕಿಟಕಿಗೂ ಬಾಗಿಲಿಗೂ ಕಾಲು ಸುಟ್ಟ ಬೆಕ್ಕಿನಂತೆ ಅಲೆಯುವುದು. ಮಕ್ಕಳಿರಲಿಲ್ಲ. ಪಕ್ಕದವರ ಭಾಷೆ ಬರುತ್ತಿರಲಿಲ್ಲ. ಊರಿಗೆ ಕಾಗದ ಬರೆಯುವಾಗ 'ಸುಖವಾಗಿದ್ದೇನೆ' ಎಂಬಲ್ಲಿಗೆ ಬಂದರೆ ಸುಮ್ಮನೆ ಸಿಟ್ಟು ಬರುತ್ತಿತ್ತು.

ಶುಕ್ರವಾರ ರಜೆ; ಇವರು ಗಾಡಿಯ ಎಂಜಿನ್ ನೋಡುತ್ತಿದ್ದದ್ದು ಆವತ್ತೇ. ಒಂದು ಶುಕ್ರವಾರ ಇವರಿಗೆ ಸೊಂಟ ಹಿಡಿದು ಬಗ್ಗಲಾಗಲಿಲ್ಲ. ನಾನೇ ಸೀಟು ಎತ್ತಿದೆ. ಗಾಡಿಯ ಜೊತೆ ಬಂದ ಪುಸ್ತಕ ಜಪಾನಿ ಭಾಷೆಯದು. ಓದುವಂತಿಲ್ಲ, ಆದರೆ ಚಿತ್ರಗಳಿದ್ದವು. ಆಯಿಲ್ ಕಡ್ಡಿ ಎಳೆದು, ಹಳೆಯ ಲುಂಗಿ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿದೆ. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಬಡಿದರೆ ಬೊಗಸೆ ಮರಳು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡುವುದನ್ನೂ ಕಲಿತೆ. ಅಂದಿನಿಂದ ಶುಕ್ರವಾರದ ಬೆಳಿಗ್ಗೆ ನನ್ನದಾಯಿತು. ಮಿಕ್ಕ ದಿನಗಳನ್ನು ಹೇಗೋ ದೂಡುತ್ತಿದ್ದೆ.

ಆ ಬೇಸಿಗೆಯಲ್ಲಿ ರೇಡಿಯೇಟರಿನ ನೀರು ದಿನವೂ ಇಳಿಯತೊಡಗಿತು. ಹುಡುಕಿದೆ. ರಬ್ಬರ್ ಪೈಪಿನ ತುದಿಯಲ್ಲಿ ಕ್ಲಿಪ್ ಸಡಿಲವಾಗಿ ನೀರು ಜಿನುಗುತ್ತಿತ್ತು. ನಜ್ಮಾ ಪೇಟೆಯಿಂದ ಹೊಸ ಕ್ಲಿಪ್ ತರಿಸಿ ಬಿಗಿದೆ. ಎರಡು ವಾರ ಒಂದು ತೊಟ್ಟೂ ಇಳಿಯಲಿಲ್ಲ. ಹೆಮ್ಮೆಯಿಂದ ಇವರಿಗೆ ಹೇಳಿದೆ.

"ಒಳ್ಳೆದಾಯ್ತು, ಈಗ ಮಾರ್ಲಿಕ್ಕೆ ಸುಲಭ" ಎಂದರು. "ಹೊಸ ವ್ಯಾನ್ ತೆಗೊಳ್ಳುವ. ಸರ್ವೀಸ್ ಎಲ್ಲ ಕಂಪೆನಿಯವರದ್ದೇ. ನಿನಗೆ ಇನ್ನು ಈ ಗ್ರೀಸು, ಮಸಿ ಬೇಡ ಮಾರಾಯ್ತಿ."

ನನಗೆ ಉಪಕಾರ ಮಾಡುತ್ತಿದ್ದೇನೆಂದೇ ಅವರು ತಿಳಿದಿದ್ದರು. ಬಾಯಿಬಿಟ್ಟು ಬೇಡವೆನ್ನಲಾಗಲಿಲ್ಲ. ಗಾಡಿಯ ಮಸಿ ಬೇಕೆಂದು ಹಟ ಹಿಡಿಯುವ ಹೆಂಗಸನ್ನು ಯಾರಾದರೂ ಏನೆಂದುಕೊಂಡಾರು?

ಮುಂದಿನ ಶುಕ್ರವಾರ ಗಿರಾಕಿ ಬಂದರು. ನಜ್ಮಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಂಗಳೂರು ಕಡೆಯ ಬ್ಯಾರಿ. ಸೀಟು ಎತ್ತಿ, ಬಗ್ಗಿ ನೋಡಿ ಕೇಳಿದರು: "ನೀರು ಕುಡಿತದಾ?"

"ಮಾಫಿ. ಎಂತ ತೊಂದರೆಯೂ ಇಲ್ಲ" ಎಂದು ಅರಬಿಯಲ್ಲೂ ಕನ್ನಡದಲ್ಲೂ ಇಲ್ಲವೆಂದರು ಇವರು.

ಚಹಾ ಹಿಡಿದು ನಿಂತಿದ್ದ ನಾನು, "ಕುಡಿತದೆ. ದಿನಾ ಒಂದು ಲೀಟರ್ ಹಾಕ್ಬೇಕು" ಎಂದೆ.

ಅದು ಹಸಿ ಸುಳ್ಳು. ಗಿರಾಕಿ ನನ್ನ ಉಗುರಿನ ಸಂದಿಯ ಮಸಿ ನೋಡಿದರು, ನನ್ನನ್ನೇ ನಂಬಿದರು. "ಅಕ್ಕ ಇದ್ದದ್ದು ಹೇಳಿದ್ರು, ಖಲಾಸ್" ಎಂದು ಚಹಾ ಮುಗಿಸಿ ಹೊರಟುಹೋದರು.

ಇವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನೀರು ಇಳಿಯುದು ನಿಂತಿದೆ ಅಂತ ನೀನೇ ಹೇಳಿದ್ದಲ್ವಾ?" ಎಂದು ಕೇಳಿದರು.

"ಹೌದು. ಗಾಡಿ ಹೋದ್ರೆ ಶುಕ್ರವಾರ ನಾನು ಎಂತ ಮಾಡುದು?"

ಅವರು ಎತ್ತಿದ ಸೀಟಿಗೆ ಕೈ ಊರಿ ಕೇಳಿದರು: "ಉಳಿದ ಆರು ದಿನ ಎಂತ ಮಾಡ್ತಿ?"

ಮದುವೆಯಾದ ನಾಲ್ಕು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. "ಒರೆಸಿದ ನೆಲವನ್ನೇ ಮತ್ತೆ ಒರೆಸುದು" ಎಂದೆ.