ತೊಂಡೇಬಾವಿಯಲ್ಲಿ ಹೇಳದ ಹೆಸರು

ತೊಂಡೇಬಾವಿ ಸ್ಟೇಷನ್, ಮಧ್ಯಾಹ್ನ. ಗೌರಿಬಿದನೂರಿನ ಕಡೆ ಹೋಗುವ ರೈಲು ಇನ್ನೂ ಬಂದಿಲ್ಲ. ನಾಟಿವೈದ್ಯ ಕಲಿಯುವವರಿಗೆ ಪಾಠ ಹೇಳಲೆಂದು ಈ ಊರಿಗೆ ಬಂದವಳು ನಾನು. ಈಗ ಅವರಲ್ಲೊಬ್ಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದೇನೆ.

ನರಸಿಂಹನಿಗೆ ಕಾಮಾಲೆ. ಬೆಳಿಗ್ಗೆ ಬರಿಹೊಟ್ಟೆಗೆ ಅವನ ಅಕ್ಕ ಮುನಿಯಮ್ಮ ಯಾವುದೋ ಎಲೆಯ ರಸ ಕುಡಿಸಿದ್ದಾಳೆ. ಅವಳೂ ನನ್ನ ಕ್ಲಾಸಿನವಳೇ. ಆಗಿನಿಂದ ಅವನಿಗೆ ವಾಂತಿ ನಿಂತಿಲ್ಲ. ಏನು ಕೊಟ್ಟಿರಿ ಎಂದು ಗೌರಿಬಿದನೂರಿನ ಆಸ್ಪತ್ರೆಯಲ್ಲಿ ಮೊದಲು ಕೇಳುತ್ತಾರೆ.

"ಯಾವ ಎಲೆ ಹೇಳಮ್ಮ," ಎಂದು ಪಕ್ಕದಲ್ಲಿ ಕೂತಿದ್ದ ಮುನಿಯಮ್ಮನನ್ನು ಮತ್ತೆ ಕೇಳಿದೆ.

"ಹೇಳ್ಬಾರ್ದು ಮೇಡಂ. ನಮ್ಮತ್ತೆ ಆಣೆ ಮಾಡಿಸ್ಕೊಂಡವ್ರೆ. ಹೆಸರು ಹೇಳಿದ್ರೆ, ಅದು ರೋಗಿ ಕಿವಿಗೆ ಬಿದ್ರೆ, ಮದ್ದು ಹಿಡಿಯಲ್ಲ."

"ಹಿಡಿದಿರೋದು ಕಾಣ್ತಾ ಇದೆಯಲ್ಲ." ನನ್ನ ದನಿ ಏರಿತು.

"ಚೆಪ್ಪಕ್ಕಾ," ಹೇಳಕ್ಕಾ ಎಂದು ನರಸಿಂಹ ತೆಲುಗಿನಲ್ಲಿ ಗೋಗರೆದ. ಅವಳು ಅಳುತ್ತಲೇ ಆಗಲ್ಲವೆಂದು ತಲೆಯಾಡಿಸಿದಳು.

ಸಿಗ್ನಲ್ ಬಿತ್ತು.

"ಹೆಸರು ಬೇಡ. ಗಿಡ ತೋರಿಸು," ಎಂದೆ.

ಅದಕ್ಕೆ ಆಣೆ ಅಡ್ಡ ಬರಲಿಲ್ಲ. ಹಳಿ ದಾಟಿ ಓಡಿದಳು, ಬೇಲಿಯಿಂದ ಒಂದು ಬಳ್ಳಿ ಕಿತ್ತು ತಂದು ನನ್ನ ಕೈಗೆ ಕೊಟ್ಟಳು. ಎಲೆ ಉಜ್ಜಿ ಮೂಸಿದೆ. ನನಗೆ ಗೊತ್ತಿರುವ ಬಳ್ಳಿಯೇ. ಅಳತೆ ಮೀರಿದರೆ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸುತ್ತದೆ.

ದೂರದಲ್ಲಿ ರೈಲು ಕಾಣಿಸಿತು.

"ಡಾಕ್ಟರಿಗೆ ನೀವೇ ಹೇಳಿ ಮೇಡಂ. ನಿಮ್ಗೆ ಆಣೆ ಇಲ್ವಲ್ಲ," ಎಂದಳು ಮುನಿಯಮ್ಮ.

ನಾನು ತಿಳಿದ ಹೆಸರು ಸರಿಯೇ ಎಂದು ಅವಳನ್ನು ಕೇಳಲು ಬಾಯಿ ತೆರೆದೆ. ಅವಳು ತಟ್ಟನೆ ಬಗ್ಗಿ, ಎರಡೂ ಕೈಯಿಂದ ತಮ್ಮನ ಕಿವಿ ಮುಚ್ಚಿದಳು.